ಐರ್ಲೆಂಡಿನಲ್ಲಿ ಚರ್ಚು ಖಾಲಿಯಾಗುತ್ತಿದೆ, ಆದರೆ ಬಡವರ ಮನೆ ಬಾಗಿಲಿಗೆ ಹೋಗುವವರು ಇನ್ನೂ ಇದ್ದಾರೆ. ನಿಮ್ಮ ಅನುಭವ ಏನು?

ಲಿಫಿ ದಂಡೆ (ಡಬ್ಲಿನ್)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಮನಸ್ಸಿನಲ್ಲಿದ್ದ ವಿಷಯ ಇದು. ಇಲ್ಲಿ ನೆಲೆಸಿರುವ ನಮ್ಮವರ ಜೊತೆ ಮಾತಾಡೋಣ ಅನ್ನಿಸಿತು.

ಐರ್ಲೆಂಡಿನಲ್ಲಿ ಧರ್ಮ ಮುಗಿಯಿತು ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಲೆಕ್ಕ ನೋಡಿದರೆ ಹಾಗೇ ಕಾಣುತ್ತದೆ. 1970ರ ದಶಕದಲ್ಲಿ 100 ಕ್ಯಾಥೊಲಿಕರಲ್ಲಿ 90ರಷ್ಟು ಜನ ವಾರ ತಪ್ಪದೆ ಪೂಜೆಗೆ ಹೋಗುತ್ತಿದ್ದ ದೇಶ ಇದು. 2016ರ ಜನಗಣತಿಯಲ್ಲಿ 79% ಜನ ಕ್ಯಾಥೊಲಿಕರು ಅಂತ ಬರೆಸಿದ್ದರು. 2022ರಲ್ಲಿ ಅದು 69%ಕ್ಕೆ ಇಳಿಯಿತು. ಹಾಗೆ ಬರೆಸಿದವರಲ್ಲೂ ಎಷ್ಟೋ ಜನ ಮದುವೆ, ಸಾವು, ಕ್ರಿಸ್‌ಮಸ್‌ಗೆ ಮಾತ್ರ ಚರ್ಚಿನ ಮೆಟ್ಟಿಲು ಹತ್ತುತ್ತಾರೆ.

ಆದರೆ ನನ್ನ ಆಫೀಸಿನಿಂದ ಸ್ವಲ್ಪ ದೂರ ನಡೆದರೆ ಬೋ ಸ್ಟ್ರೀಟ್‌ನಲ್ಲಿ ಕಪುಚಿನ್ ಡೇ ಸೆಂಟರ್ ಸಿಗುತ್ತದೆ. ಕಪುಚಿನ್ ಎಂಬ ಕ್ಯಾಥೊಲಿಕ್ ಪಂಥದ ಸನ್ಯಾಸಿ ಬ್ರದರ್ ಕೆವಿನ್ ಕ್ರೌಲಿ 1969ರಲ್ಲಿ ಶುರು ಮಾಡಿದ್ದು. ಬೀದಿಯಲ್ಲಿ ಜನ ಕಸದ ತೊಟ್ಟಿಯಿಂದ ಆಹಾರ ತೆಗೆದು ತಿನ್ನುವುದನ್ನು ನೋಡಿ ಅವರಿಗೆ ಸುಮ್ನೆ ಇರಲು ಆಗಲಿಲ್ಲ. ಇವತ್ತಿಗೂ ಅಲ್ಲಿ ದಿನವೂ ನೂರಾರು ಜನಕ್ಕೆ ಬಿಸಿ ಊಟ ಸಿಗುತ್ತದೆ. ಮನೆಗೆ ಒಯ್ಯಲು ದಿನಸಿ ಚೀಲವನ್ನೂ ಬಹಳ ಕಾಲ ಕೊಡುತ್ತಿದ್ದರು. ಸಾಲಿನಲ್ಲಿ ಕುಡಿತಕ್ಕೆ ಬಿದ್ದವರು ಮಾತ್ರ ಇರುತ್ತಾರೆ ಅಂದುಕೊಳ್ಳಬೇಡಿ. ಮಗುವಿನ ಗಾಡಿ ತಳ್ಳಿಕೊಂಡು ಬರುವ ತಾಯಂದಿರು, ಇಸ್ತ್ರಿ ಮಾಡಿದ ಶರ್ಟು ಹಾಕಿದ ವಯಸ್ಸಾದವರು, ನಮ್ಮ ಕಡೆಯಿಂದ ಓದಲು ಬಂದ ಹುಡುಗರೂ ಇರುತ್ತಾರೆ. ಯಾರನ್ನೂ ಯಾವ ಧರ್ಮ, ಯಾವ ವೀಸಾ, ಕೆಲಸ ಯಾಕಿಲ್ಲ ಅಂತ ಕೇಳುವುದಿಲ್ಲ. 2018ರ ಆಗಸ್ಟ್‌ನಲ್ಲಿ ಪೋಪ್ ಫ್ರಾನ್ಸಿಸ್ ಡಬ್ಲಿನ್‌ಗೆ ಬಂದಾಗ ಇಲ್ಲಿಗೂ ಬಂದು, ಜನರ ಮರ್ಯಾದೆ ಕಳೆಯದೆ ಸಹಾಯ ಮಾಡುವ ಈ ರೀತಿಯನ್ನೇ ಮೆಚ್ಚಿ ಮಾತಾಡಿದರು.

ಪೂಜೆಗೆ ಹೋಗದ ದೇಶದಲ್ಲಿ ಇದು ಹೇಗೆ ನಡೆಯುತ್ತಿದೆ? ನಿಮ್ಮ ಊರಿನಲ್ಲಿ ಏನು ಕಂಡಿದ್ದೀರಿ? ಬರೆಯಿರಿ.

ಜೆಪ್ಪು ನರ್ಸ್ (ಲಿಮೆರಿಕ್)

ಒಳ್ಳೆಯ ವಿಷಯ ತೆಗೆದಿರಿ. ನಾನು ಮಂಗಳೂರಿನ ಕ್ಯಾಥೊಲಿಕ್ ಮನೆಯವಳು, ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಊರಿನಲ್ಲಿ ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಸೈಂಟ್ ವಿನ್ಸೆಂಟ್ ದೆ ಪಾವ್ಲ್ ಸಭೆ ಇತ್ತು, ಅಪ್ಪ ಅದರಲ್ಲಿದ್ದರು. ಇಲ್ಲಿ ಬಂದ ಮೇಲೆ ನಾನೂ ಸೇರಿದೆ. ಇಲ್ಲಿನವರು ಸುಮ್ನೆ 'ವಿನ್ಸೆಂಟ್ಸ್' ಅನ್ನುತ್ತಾರೆ. ಪ್ಯಾರಿಸ್‌ನಲ್ಲಿ 1833ರಲ್ಲಿ ಓಜಾನಾಂ ಎಂಬ ವಿದ್ಯಾರ್ಥಿ ತನ್ನ ಗೆಳೆಯರ ಜೊತೆ ಕಟ್ಟಿದ ಸಂಘ, 1844ರಲ್ಲಿ ಐರ್ಲೆಂಡಿಗೆ ಬಂತು. ಮರುವರ್ಷವೇ ಆಲೂಗಡ್ಡೆಗೆ ರೋಗ ತಗುಲಿ ಮಹಾ ಬರಗಾಲ ಶುರು.

ಅವತ್ತಿನಿಂದ ಇವತ್ತಿನವರೆಗೆ ಕೆಲಸದ ರೀತಿ ಹೆಚ್ಚು ಬದಲಾಗಿಲ್ಲ. ಇಬ್ಬರು ಜೊತೆಯಾಗಿ ಕಷ್ಟದಲ್ಲಿರುವವರ ಮನೆಗೆ ಹೋಗುತ್ತೇವೆ. ಒಬ್ಬರೇ ಹೋಗುವ ಹಾಗಿಲ್ಲ. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳುವ ಹಾಗಿಲ್ಲ. ಆದ್ದರಿಂದ ಯಾರ ಗುರುತೂ ಸಿಗದ ಹಾಗೆ ಒಂದು ವಿಷಯ ಮಾತ್ರ ಬರೆಯುತ್ತೇನೆ.

ಚಳಿಗಾಲದಲ್ಲಿ ಒಂದು ಮನೆಗೆ ಹೋದೆವು. ಬಾಗಿಲು ತೆಗೆದ ಹೆಂಗಸು ಮನೆಯೊಳಗೂ ಕೋಟು ಹಾಕಿಕೊಂಡಿದ್ದರು. ನಾವು ಕೂತ ತಕ್ಷಣ ಕೆಟಲ್ ಇಡಲು ಎದ್ದರು. ಅಡುಗೆಮನೆಯ ಗೋಡೆಯಲ್ಲಿ ಕರೆಂಟಿನ ಪ್ರೀಪೇ ಮೀಟರ್ ಇತ್ತು. ಅದರಲ್ಲಿ ತುರ್ತು ಸಾಲದ ಮೊತ್ತವೂ ಮುಗಿಯುತ್ತಾ ಬಂದಿತ್ತು. ಕೆಟಲ್ ಕಾದಷ್ಟು ಹೊತ್ತು ಅವರ ಕಣ್ಣು ಆ ಮೀಟರಿನ ಮೇಲೆಯೇ. ಬೇಡ ಅನ್ನುವ ಮಾತು ನನ್ನ ಬಾಯಿಗೆ ಬಂತು, ಆದರೆ ಜೊತೆಗಿದ್ದ ಹಿರಿಯರು ಸುಮ್ಮನಿರುವಂತೆ ಕಣ್ಣಲ್ಲೇ ಹೇಳಿದರು. ಆಮೇಲೆ ಕಾರಿನಲ್ಲಿ ವಿವರಿಸಿದರು: ಆ ಟೀ ಕೊಡುವುದು ಆಕೆಯ ಮರ್ಯಾದೆ, ಅದನ್ನು ನಾವು ಕಿತ್ತುಕೊಳ್ಳಬಾರದು. ಕುಡಿದೆವು. ಮಾತಾಡಿದೆವು. ಮೀಟರಿಗೆ ದುಡ್ಡು ಹಾಕಿಸಿದೆವು, ಎರಡು ಚೀಲ ಕಲ್ಲಿದ್ದಲಿಗೆ ಹೇಳಿದೆವು. ಆ ಮನೆಯವರು ಚರ್ಚಿಗೆ ಬರುತ್ತಾರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಯಾರೂ ಕೇಳಲೂ ಇಲ್ಲ.

ಆಗಸ್ಟ್ ಬಂದರೆ ಶಾಲೆಯ ಯೂನಿಫಾರ್ಮು, ಶೂ, ಪುಸ್ತಕ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಊಟ. ನಡುವೆ, ಮಕ್ಕಳು ಚರ್ಚಿನಲ್ಲಿ ಮೊದಲ ಸಲ ಪ್ರಸಾದ ಪಡೆಯುವ ಪ್ರಥಮ ಪರಮಪ್ರಸಾದದ ಬಟ್ಟೆಗೆ ಸಾಲ ಮಾಡಿ ಸಿಕ್ಕಿಹಾಕಿಕೊಂಡವರು.

ಇನ್ನೊಂದು ಮಾತು. ಭಾನುವಾರದ ಪೂಜೆಯಲ್ಲಿ ವಾಚನ ಓದುವವರು, ಗಾಯನ ತಂಡದಲ್ಲಿ ಇರುವವರು ಈಗ ಎಷ್ಟೋ ಕಡೆ ಕೇರಳ, ಮಂಗಳೂರು, ಫಿಲಿಪೀನ್ಸ್, ನೈಜೀರಿಯಾ, ಬ್ರೆಜಿಲ್‌ನವರು. ಒಂದು ಕಾಲದಲ್ಲಿ ಐರಿಷ್ ಸಿಸ್ಟರ್‌ಗಳು ಭಾರತಕ್ಕೆ ಶಾಲೆ ಕಟ್ಟಲು ಬರುತ್ತಿದ್ದರು, ಈಗ ನಾವು ಅವರ ಇಗರ್ಜಿಯ ಬೆಂಚು ತುಂಬಿಸುತ್ತಿದ್ದೇವೆ ಮಾರಾಯ್ರೆ.

ಗಾಲ್ವೇ ಮಂಜು

ಇಬ್ಬರೂ ಬರೆದದ್ದನ್ನು ಗೌರವದಿಂದ ಓದಿದೆ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ನಾನಿರುವುದು ಟ್ಯೂಮ್ ಎಂಬ ಊರಿಗೆ ಹತ್ತಿರ.

ಟ್ಯೂಮ್‌ನಲ್ಲಿ 1925ರಿಂದ 1961ರವರೆಗೆ ಮದುವೆಯಾಗದ ತಾಯಂದಿರಿಗಾಗಿ ಒಂದು ಮನೆ ಇತ್ತು, ಬಾನ್ ಸೆಕೂರ್ ಸಿಸ್ಟರ್‌ಗಳು ನಡೆಸುತ್ತಿದ್ದರು. ಊರಿನ ಕ್ಯಾಥರಿನ್ ಕಾರ್ಲೆಸ್ ಎಂಬ ಮಹಿಳೆ ತಾವೇ ಕೂತು ಮರಣ ದಾಖಲೆಗಳನ್ನು ಹುಡುಕಿದರು. 796 ಮಕ್ಕಳು ಸತ್ತಿದ್ದರು, ಅವರನ್ನು ಹೂಳಿದ ದಾಖಲೆ ಇರಲಿಲ್ಲ. 2014ರಲ್ಲಿ ಜಗತ್ತಿಗೆ ಗೊತ್ತಾಯಿತು. ನೆಲ ಅಗೆದು ಅವಶೇಷ ಗುರುತಿಸುವ ಕೆಲಸ ಶುರುವಾದದ್ದು 2025ರಲ್ಲಿ.

ಮ್ಯಾಗ್ಡಲೀನ್ ಲಾಂಡ್ರಿಗಳ ಬಗ್ಗೆ ಕೇಳಿರುತ್ತೀರಿ, ಸಿಸ್ಟರ್‌ಗಳು ಹೆಂಗಸರನ್ನು ಇಟ್ಟುಕೊಂಡು ಬಟ್ಟೆ ಒಗೆಸುತ್ತಿದ್ದ ಸಂಸ್ಥೆಗಳು. 1922ರ ನಂತರವೇ ಸುಮಾರು 10,000 ಹೆಂಗಸರು, ಹುಡುಗಿಯರು ಅಲ್ಲಿಗೆ ಹೋದರು. ಕೆಲವರನ್ನು ಮನೆಯವರೇ ಬಿಟ್ಟು ಬಂದರು, ಕೆಲವರನ್ನು ಕೋರ್ಟು ಕಳಿಸಿತು, ಕೆಲವರನ್ನು ಅನಾಥ ಮಕ್ಕಳ ಸಂಸ್ಥೆಗಳು ದಾಟಿಸಿದವು. ಎಷ್ಟೋ ಜನರಿಗೆ ಒಳಗೆ ಹೋದ ಮೇಲೆ ಹೆಸರನ್ನೇ ಬದಲಿಸಿದರು. ಹೋಟೆಲು, ಆಸ್ಪತ್ರೆ, ಸರ್ಕಾರಿ ಇಲಾಖೆಗಳ ಬಟ್ಟೆ ಒಗೆದರು, ಸಂಬಳ ಇಲ್ಲ. 1993ರಲ್ಲಿ ಡಬ್ಲಿನ್‌ನ ಹೈ ಪಾರ್ಕ್ ಲಾಂಡ್ರಿಯ ಜಾಗ ಮಾರಿದಾಗ ಅಲ್ಲಿನ ಸಮಾಧಿಗಳಿಂದ 155 ಹೆಂಗಸರ ಶವ ತೆಗೆಯಬೇಕಾಯಿತು. ಅವರಲ್ಲಿ ಎಷ್ಟೋ ಜನರಿಗೆ ಮರಣ ಪತ್ರವೂ ಇರಲಿಲ್ಲ. ಕೊನೆಯ ಲಾಂಡ್ರಿ ಮುಚ್ಚಿದ್ದು 1996ರಲ್ಲಿ. ಸರ್ಕಾರ ಕ್ಷಮೆ ಕೇಳಿದ್ದು 2013ರಲ್ಲಿ.

ಇವೆಲ್ಲವನ್ನೂ ನಡೆಸಿದವರು 'ಸಮಾಜ ಸೇವೆ' ಅಂತಲೇ ಕರೆಯುತ್ತಿದ್ದರು. 1951ರಲ್ಲಿ ಆರೋಗ್ಯ ಸಚಿವ ನೋಯಲ್ ಬ್ರೌನ್ ತಾಯಿ ಮಕ್ಕಳಿಗೆ ಉಚಿತ ವೈದ್ಯಕೀಯ ಸೇವೆ ಕೊಡಲು ಹೊರಟಾಗ ಬಿಷಪ್‌ಗಳು ಬೇಡ ಅಂದರು. ವೈದ್ಯರ ಸಂಘವೂ ವಿರೋಧಿಸಿತು. ಸಚಿವರು ರಾಜೀನಾಮೆ ಕೊಡಬೇಕಾಯಿತು. ಬಡವರಿಗೆ ಹಕ್ಕಾಗಿ ಸಿಗಬೇಕಿದ್ದದ್ದು ತಪ್ಪಿಹೋಯಿತು.

ಹಾಗಾಗಿ ಒಂದು ಪ್ರಶ್ನೆ. ಸೂಪು ಕೊಟ್ಟ ಕೈ ಮತ್ತು ಬೀಗ ಹಾಕಿದ ಕೈ ಒಂದೇ ಅಲ್ವಾ?

ಸುಮಾ (ಮೇಯೋ)

ಮಂಜು ಅವರೇ, ನಿಮ್ಮ ಕೋಪ ನ್ಯಾಯವಾದದ್ದು. ನಮ್ಮ ಪಕ್ಕದ ಮನೆಯ ಅಜ್ಜಿ ಟ್ಯೂಮ್ ಸುದ್ದಿ ಬಂದಾಗಿನಿಂದ ಪೂಜೆಗೆ ಹೋಗುವುದು ಬಿಟ್ಟಿದ್ದಾರೆ. ಆದರೆ ಸಂಜೆ 6ಕ್ಕೆ ಟಿವಿಯಲ್ಲಿ ಆಂಜೆಲಸ್ ಪ್ರಾರ್ಥನೆಯ ಗಂಟೆ ಹೊಡೆದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಾರೆ. ದೇವರ ಮೇಲೆ ಸಿಟ್ಟಿಲ್ಲ, ಬಿಷಪ್ಪರ ಮೇಲೆ ಸಿಟ್ಟು ಅನ್ನುತ್ತಾರೆ.

ಅದೇ ಅಜ್ಜಿ, ನನ್ನ ಗಂಡ ತೀರಿಕೊಂಡ ದಿನ ಮೊದಲು ಬಂದವರು. ನಾವು ಹಿಂದೂಗಳು. ಇಲ್ಲಿ ನೆಂಟರು ಯಾರೂ ಇಲ್ಲ. ಊರಿನಲ್ಲಿ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಊಟ ತರುತ್ತಾರಲ್ಲ, ಇಲ್ಲೂ ಹಾಗೇ ಆಯಿತು. ಟ್ರೇ ಟ್ರೇ ಸ್ಯಾಂಡ್‌ವಿಚ್ ಬಂತು. ನಾವು ಮಾಂಸ ತಿನ್ನುವುದಿಲ್ಲ ಅಂತ ಯಾರೋ ಹೇಳಿದ್ದಾರೆ, ಒಂದೊಂದು ಟ್ರೇ ಮೇಲೂ ಚೀಟಿ ಅಂಟಿಸಿದ್ದರು: ಮೊಟ್ಟೆ, ಚೀಸ್, ಟೊಮೆಟೊ. ಯಾರೋ ದೊಡ್ಡ ಟೀ ಬಾಯ್ಲರ್ ತಂದಿಟ್ಟರು, ಚರ್ಚ್ ಹಾಲಿನದು. ಗಂಡಸರು ಗೇಟಿನ ಹತ್ತಿರ ನಿಂತು ಕಾರು ನಿಲ್ಲಿಸುವ ವ್ಯವಸ್ಥೆ ನೋಡಿಕೊಂಡರು. ಸಂಜೆಯವರೆಗೆ ಜನ ಬಂದು ಕೈ ಕುಲುಕಿ ಎರಡು ಮಾತು ಹೇಳಿ ಹೋದರು. ಎಷ್ಟೋ ಮುಖ ನನಗೆ ಪರಿಚಯವೇ ಇರಲಿಲ್ಲ. ಆನ್‌ಲೈನ್ ಮರಣ ಪ್ರಕಟಣೆ ನೋಡಿ ಬಂದಿದ್ದರಂತೆ.

ಪಾದ್ರಿಯೂ ಬಂದರು. ಪ್ರಾರ್ಥನೆ ಮಾಡಲಾ ಅಂತ ಕೇಳಲಿಲ್ಲ. ನಿಮ್ಮ ಪದ್ಧತಿಯಲ್ಲಿ ಏನಾಗಬೇಕು, ನಾನು ಯಾರಿಗೆ ಫೋನ್ ಮಾಡಲಿ ಅಂತ ಕೇಳಿದರು. ದಹನಕ್ಕೆ ಎಷ್ಟೋ ದೂರ ಹೋಗಬೇಕಿತ್ತು. ಆ ಏರ್ಪಾಡಿಗೆ ಅವರೇ ನಿಂತರು. ಒಂದು ತಿಂಗಳಾದ ಮೇಲೆ, ಇಲ್ಲಿ ಸತ್ತವರ ಹೆಸರಲ್ಲಿ ಮಾಸದ ಪೂಜೆ ಇಡುವ ಪದ್ಧತಿ ಇದೆ, ಅದರಲ್ಲಿ ನನ್ನ ಗಂಡನ ಹೆಸರನ್ನೂ ಓದಲಾ ಅಂತ ಅಜ್ಜಿ ಬಂದು ಕೇಳಿದರು. ಆಗಲಿ ಅಂದೆ. ಆ ಒಂದು ದಿನ ಅಜ್ಜಿಯೂ ಚರ್ಚಿಗೆ ಬಂದರು.

ಸಂಸ್ಥೆ ಬೇರೆ, ಊರಿನ ಜನ ಬೇರೆ ಅಂತ ನನಗೆ ಅನ್ನಿಸುತ್ತದೆ.

ಗಾಲ್ವೇ ಮಂಜು

ಸುಮಕ್ಕ, ಓದಿ ಗಂಟಲು ಕಟ್ಟಿತು. ಆದರೂ ಒಂದು ಮಾತು. ಆ ಹೆಂಗಸರನ್ನು ಲಾಂಡ್ರಿಗೆ ಬಿಟ್ಟು ಬಂದವರೂ ಊರಿನ ಜನರೇ. 2021ರಲ್ಲಿ ಬಂದ ತಾಯಿ ಮಕ್ಕಳ ಮನೆಗಳ ವರದಿಯ ಪ್ರಕಾರ, ತನಿಖೆ ನಡೆದ 18 ಸಂಸ್ಥೆಗಳಲ್ಲಿ ಸುಮಾರು 9,000 ಮಕ್ಕಳು ಸತ್ತಿದ್ದರು. ಇಷ್ಟೆಲ್ಲ ಅಕ್ಕಪಕ್ಕದವರಿಗೆ ಏನೂ ಗೊತ್ತಿಲ್ಲದೆ ನಡೆಯಲು ಸಾಧ್ಯವಿಲ್ಲ.

ಹಳೇ ಪುಟ (ಕಾರ್ಕ್)

ಮಂಜು ಅವರ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಉದ್ದ. ಇತಿಹಾಸ ಓದುವ ಹುಚ್ಚು ನನಗೆ.

ಕಾರ್ಕ್‌ನಲ್ಲಿ ನ್ಯಾನೋ ನೇಗಲ್ ಅಂತ ಒಬ್ಬ ಶ್ರೀಮಂತ ಮನೆಯ ಹೆಣ್ಣುಮಗಳು, ಹುಟ್ಟಿದ್ದು 1718ರಲ್ಲಿ. ಆಗ ಬ್ರಿಟಿಷರ ಕಾನೂನು ಕ್ಯಾಥೊಲಿಕರು ಶಾಲೆ ನಡೆಸುವುದನ್ನೇ ನಿಷೇಧಿಸಿತ್ತು. ಆಕೆ 1750ರ ದಶಕದಲ್ಲಿ ಗುಟ್ಟಾಗಿ ಬಡ ಮಕ್ಕಳಿಗೆ ಶಾಲೆ ತೆರೆದಳು. ಹಗಲು ಪಾಠ, ರಾತ್ರಿ ಲಾಟೀನು ಹಿಡಿದು ಗಲ್ಲಿಗಳಲ್ಲಿ ರೋಗಿಗಳನ್ನು ನೋಡಲು ಹೋಗುವುದು. ಮುಂದೆ 1775ರಲ್ಲಿ ಕಟ್ಟಿದ ಪ್ರೆಸೆಂಟೇಶನ್ ಸಿಸ್ಟರ್‌ಗಳ ಪಂಥವೇ 1842ರಲ್ಲಿ ಮದರಾಸಿಗೆ ಬಂದದ್ದು.

ಡಬ್ಲಿನ್‌ನ ಕ್ಯಾಥರಿನ್ ಮೆಕಾಲೆ ತನಗೆ ಬಂದ ದೊಡ್ಡ ಆಸ್ತಿಯನ್ನೆಲ್ಲ ಹಾಕಿ 1827ರಲ್ಲಿ ಬ್ಯಾಗೆಟ್ ಸ್ಟ್ರೀಟ್‌ನಲ್ಲಿ, ಊರಿನ ಸಿರಿವಂತರ ಬೀದಿಯಲ್ಲೇ, ಮನೆ ಕಟ್ಟಿ ಕೆಲಸವಿಲ್ಲದ ಹುಡುಗಿಯರಿಗೆ ಆಸರೆ ಕೊಟ್ಟಳು. ಆಗಿನ ಕಾಲದ ಸನ್ಯಾಸಿನಿಯರು ಮಠದ ಗೋಡೆಯೊಳಗೇ ಇರುತ್ತಿದ್ದರು. ಇವಳ ಜೊತೆಗಿದ್ದವರು ಬೀದಿಗೆ ಇಳಿದದ್ದರಿಂದ ಜನ 'ನಡೆದಾಡುವ ಸಿಸ್ಟರ್‌ಗಳು' ಅಂತ ಕರೆದರು. 1841ರಲ್ಲಿ ಸಾಯುವ ಹೊತ್ತಿನಲ್ಲೂ ಆಕೆಗೆ ಯೋಚನೆ, ತಾನು ಹೋದ ಮೇಲೆ ಸಿಸ್ಟರ್‌ಗಳಿಗೆ ಒಳ್ಳೆಯ ಟೀ ಸಿಗಬೇಕು ಅಂತ.

ಬರಗಾಲ ಬಂತು. 1845ರಿಂದ 1852ರ ನಡುವೆ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಆಗ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ದೊಡ್ಡ ಕಡಾಯಿಗಳನ್ನು ತರಿಸಿ ಊರೂರಲ್ಲಿ ಸೂಪು ಹಂಚಿದರು. ಏನೂ ಕೇಳಲಿಲ್ಲ. ಇನ್ನು ಕೆಲವು ಪ್ರೊಟೆಸ್ಟೆಂಟ್ ಪ್ರಚಾರಕರು ಮಾತ್ರ ಸೂಪಿನ ಜೊತೆ ಮತಾಂತರದ ಷರತ್ತು ಇಟ್ಟರು. ಇವತ್ತಿಗೂ ಐರಿಷ್ ಹಳ್ಳಿಯಲ್ಲಿ 'ಅವರ ಮನೆಯವರು ಸೂಪು ಕುಡಿದವರು' ಅಂದರೆ ದೊಡ್ಡ ಬೈಗುಳ. ಕ್ವೇಕರರನ್ನು ಮಾತ್ರ ಎಲ್ಲರೂ ಕೈ ಮುಗಿದು ನೆನೆಯುತ್ತಾರೆ.

ಆದ್ದರಿಂದ ಎರಡು ಕೈಗಳೂ ಒಂದೇ ಮೈಯವು ಅನ್ನುವುದನ್ನು ಒಪ್ಪುತ್ತೇನೆ. ಕ್ಯಾಥರಿನ್ ಮೆಕಾಲೆ ಕಟ್ಟಿದ ಸಿಸ್ಟರ್ಸ್ ಆಫ್ ಮರ್ಸಿ ಪಂಥವೇ ಮುಂದೆ ಲಾಂಡ್ರಿಗಳನ್ನೂ ನಡೆಸಿತು. ಆದರೆ ವ್ಯತ್ಯಾಸ ಕಂಡುಹಿಡಿಯುವುದು ಕಷ್ಟವಲ್ಲ. ಸಹಾಯ ಪಡೆಯುವವರು ಬೇಕೆಂದಾಗ ಎದ್ದು ಹೋಗಬಹುದಿತ್ತಾ? ಕೊಡುವ ಮೊದಲು ಅವರ ನಡತೆ, ನಂಬಿಕೆ ಅಳೆಯುತ್ತಿದ್ದರಾ? ಈ ಎರಡು ಕೇಳಿದರೆ ಸಾಕು.

ಲಿಫಿ ದಂಡೆ (ಡಬ್ಲಿನ್)

ಹಳೇ ಪುಟ ಸರ್, ನಾನು ಹೇಳಬೇಕೆಂದಿದ್ದದ್ದು ಇದೇ. ಪ್ರಶ್ನೆ ಕೇಳದೆ ಕೊಡುವುದು. ಡಾಸನ್ ಸ್ಟ್ರೀಟ್‌ನ ಸೈಂಟ್ ಆನ್ಸ್ ಚರ್ಚ್ ನೋಡಿದ್ದೀರಾ? ಅದು ಚರ್ಚ್ ಆಫ್ ಐರ್ಲೆಂಡ್, ಅಂದರೆ ಪ್ರೊಟೆಸ್ಟೆಂಟ್. 1723ರಲ್ಲಿ ಲಾರ್ಡ್ ನ್ಯೂಟೌನ್ ಎಂಬ ಶ್ರೀಮಂತ ಬಡವರಿಗೆ ಬ್ರೆಡ್ ಕೊಡಲೆಂದು ಹಣ ಬಿಟ್ಟುಹೋದ. ಪೂಜಾ ಪೀಠದ ಪಕ್ಕ ಮರದ ಕಪಾಟಿದೆ. ಇವತ್ತಿಗೂ ಅದರಲ್ಲಿ ಬ್ರೆಡ್ ಇಟ್ಟಿರುತ್ತಾರೆ. ಬೇಕಾದವರು ಒಳಗೆ ಬಂದು ತೆಗೆದುಕೊಂಡು ಹೋಗಬಹುದು. ರಿಜಿಸ್ಟರ್ ಇಲ್ಲ, ಸಹಿ ಇಲ್ಲ. ಊಟದ ಬಿಡುವಿನಲ್ಲಿ ಹೋಗಿ ನೋಡಿ.

ಇನ್ನೊಂದು, ಮಂಜು ಅವರು ಹೇಳಿದ 'ಹಕ್ಕು' ಬಹಳ ಮುಖ್ಯ. ಅದನ್ನೇ ಇಲ್ಲಿ ಜೋರಾಗಿ ಹೇಳುತ್ತಿರುವುದು ಕೆಲವು ಪಾದ್ರಿಗಳು, ಸಿಸ್ಟರ್‌ಗಳೇ. ಜೆಸುಯಿಟ್ ಪಾದ್ರಿ ಪೀಟರ್ ಮೆಕ್‌ವೆರಿ 1970ರ ದಶಕದಲ್ಲಿ ಡಬ್ಲಿನ್‌ನ ಬಡ ಬಡಾವಣೆಗೆ ಹೋಗಿ ನೆಲೆಸಿದರು, ಮನೆಯಿಲ್ಲದ ಹುಡುಗರ ಜೊತೆ ಕೆಲಸ ಮಾಡಿದರು, 1983ರಲ್ಲಿ ಟ್ರಸ್ಟ್ ಕಟ್ಟಿದರು. ದಾನದಿಂದ ಇದು ಮುಗಿಯುವುದಿಲ್ಲ, ಸರ್ಕಾರ ಮನೆ ಕಟ್ಟಬೇಕು ಅಂತ ದಶಕಗಳಿಂದ ಒಂದೇ ಸಮನೆ ಹೇಳುತ್ತಿದ್ದಾರೆ. ಸಿಸ್ಟರ್ ಸ್ಟಾನ್ ಮನೆಯಿಲ್ಲದವರಿಗಾಗಿ 1985ರಲ್ಲಿ ಶುರು ಮಾಡಿದ ಕೆಲಸ ಇವತ್ತಿನ ಫೋಕಸ್ ಐರ್ಲೆಂಡ್. 2001ರಲ್ಲಿ ವಲಸಿಗರ ಹಕ್ಕಿಗಾಗಿ ಇಮಿಗ್ರಂಟ್ ಕೌನ್ಸಿಲ್ ಕಟ್ಟಿದ್ದೂ ಅವರೇ. ವೀಸಾ ತೊಂದರೆಯಾದಾಗ ನಮ್ಮಲ್ಲಿ ಎಷ್ಟೋ ಜನ ಅವರ ಸಹಾಯವಾಣಿಗೆ ಫೋನ್ ಮಾಡಿದ್ದೇವೆ. ಫಾದರ್ ಶಾನ್ ಹೀಲಿ, ಸಿಸ್ಟರ್ ಬ್ರಿಜಿಡ್ ರೆನಾಲ್ಡ್ಸ್ ಸೇರಿ ಕಟ್ಟಿದ ಸೋಷಿಯಲ್ ಜಸ್ಟಿಸ್ ಐರ್ಲೆಂಡ್, ಬಜೆಟ್ ಬಂದ ಕೂಡಲೇ ಬಡವರ ಕೈಗೆ ಎಷ್ಟು ಬಂತು ಅಂತ ಲೆಕ್ಕ ಹಾಕಿ ಹೇಳುತ್ತದೆ.

ಆದರೂ 2025ರಲ್ಲಿ ಸರ್ಕಾರದ ತುರ್ತು ವಸತಿಯಲ್ಲಿರುವವರ ಸಂಖ್ಯೆ 16,000 ದಾಟಿತು. ಅದರಲ್ಲಿ 5,000ಕ್ಕೂ ಜಾಸ್ತಿ ಮಕ್ಕಳು. ಇಂಥ ಶ್ರೀಮಂತ ದೇಶದಲ್ಲಿ! ಬೋ ಸ್ಟ್ರೀಟ್‌ನ ಸಾಲು ಉದ್ದ ಆಗುತ್ತಿರುವುದು ನಮ್ಮೆಲ್ಲರ ನಾಚಿಕೆ.

ಬೆಲ್‌ಫಾಸ್ಟ್ ರಾಘು

ಗಡಿಯ ಈಚೆ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಿಂದ ನಂದೂ ಒಂದು ಮಾತು. ಇಲ್ಲಿ ನಂಬಿಕೆ ಅಂದರೆ ಯಾವ ಬೀದಿಯವನು, ಕ್ಯಾಥೊಲಿಕನಾ ಪ್ರೊಟೆಸ್ಟೆಂಟಾ ಅನ್ನುವ ಪ್ರಶ್ನೆ. ಆದರೂ ಇಲ್ಲಿನ ಸೈಂಟ್ ಆನ್ಸ್ ಕ್ಯಾಥೆಡ್ರಲ್‌ನ ಡೀನ್, ಅಂದರೆ ಮುಖ್ಯ ಪಾದ್ರಿ, ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಮುಂಚೆ ಕಪ್ಪು ನಿಲುವಂಗಿ ತೊಟ್ಟು ಮೆಟ್ಟಿಲ ಹತ್ತಿರ ಪೀಪಾಯಿ ಇಟ್ಟುಕೊಂಡು ನಿಲ್ಲುತ್ತಾರೆ. ಜನ 'ಕಪ್ಪು ಸಾಂಟಾ' ಅನ್ನುತ್ತಾರೆ. ಡೀನ್ ಸ್ಯಾಮಿ ಕ್ರೂಕ್ಸ್ 1976ರಲ್ಲಿ ಶುರು ಮಾಡಿದ್ದು. ಆಗ ಬಾಂಬಿನ ಕಾಲ. ಬಂದ ಹಣ ಎರಡೂ ಕಡೆಯ ಬಡವರಿಗೆ ಹೋಗುತ್ತದೆ.

2005ರಲ್ಲಿ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಶಸ್ತ್ರ ಹಿಡಿದಿದ್ದ ಐಆರ್‌ಎ ತನ್ನ ಆಯುಧಗಳನ್ನು ನಾಶ ಮಾಡಿದಾಗ ಸಾಕ್ಷಿಯಾಗಿ ನಿಂತವರು ಇಬ್ಬರು: ಕ್ಯಾಥೊಲಿಕ್ ಪಾದ್ರಿ ಅಲೆಕ್ ರೀಡ್, ಮೆಥಡಿಸ್ಟ್ ಪಾದ್ರಿ ಹೆರಾಲ್ಡ್ ಗುಡ್. ಜನ ರಾಜಕಾರಣಿಗಳ ಮಾತು ನಂಬುತ್ತಿರಲಿಲ್ಲ, ಇವರಿಬ್ಬರ ಮಾತು ನಂಬಿದರು. ಇದನ್ನೂ ಸಮಾಜ ಸೇವೆಯ ಲೆಕ್ಕಕ್ಕೆ ಸೇರಿಸಿ.

ಹೊಸಬಳು (ಕಾರ್ಕ್)

ನಮಸ್ತೆ. ಬಂದು ಸ್ವಲ್ಪವೇ ದಿನ ಆಗಿದೆ. ಮಗಳನ್ನು ಶಾಲೆಗೆ ಸೇರಿಸಬೇಕು. ಹತ್ತಿರ ಇರುವುದೆಲ್ಲ ಕ್ಯಾಥೊಲಿಕ್ ಶಾಲೆ. ದೀಕ್ಷಾಸ್ನಾನದ ಸರ್ಟಿಫಿಕೇಟ್ ಇಲ್ಲದಿದ್ದರೆ ಸೀಟು ಕೊಡಲ್ಲ ಅಂತ ಒಬ್ಬರು ಹೆದರಿಸಿದರು. ನಿಜವಾ?

ಸುಮಾ (ಮೇಯೋ)

ಹೆದರಬೇಡಿ ತಂಗಿ. ಮುಂಚೆ ಹಾಗಿತ್ತು. 2018ರ ಕಾನೂನು ಬಂದ ಮೇಲೆ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗಳು ಧರ್ಮ ನೋಡಿ ಸೀಟು ಕೊಡುವ ಹಾಗಿಲ್ಲ. ಇಲ್ಲಿ 10ರಲ್ಲಿ ಸುಮಾರು 9 ಪ್ರಾಥಮಿಕ ಶಾಲೆ ಕ್ಯಾಥೊಲಿಕ್ ಆಡಳಿತದ್ದೇ, ನಮ್ಮ ಮಕ್ಕಳೆಲ್ಲ ಅಲ್ಲೇ ಓದಿದ್ದು. ಧರ್ಮ ಬೋಧನೆಯಿಂದ ಹೊರಗಿರುವ ಹಕ್ಕು ಸಂವಿಧಾನದಲ್ಲೇ ಇದೆ. ಆದರೆ ಎರಡನೇ ತರಗತಿಯಲ್ಲಿ ಪರಮಪ್ರಸಾದದ ತಯಾರಿ ತಿಂಗಳುಗಟ್ಟಲೆ ನಡೆಯುತ್ತದೆ. ನನ್ನ ಮಗ ಆಗ ಹಿಂದಿನ ಬೆಂಚಿನಲ್ಲಿ ಚಿತ್ರ ಬಿಡಿಸುತ್ತಾ ಕೂರುತ್ತಿದ್ದ. ಒಬ್ಬನೇ ಕೂತದ್ದು ಅವನಿಗೆ ನೋವಾಗಿತ್ತು. ಮೊದಲೇ ಟೀಚರ್ ಹತ್ತಿರ ಮಾತಾಡಿ, ಆ ಹೊತ್ತಿನಲ್ಲಿ ಏನು ಕೆಲಸ ಕೊಡುತ್ತಾರೆ ಅಂತ ಕೇಳಿಕೊಳ್ಳಿ. ಇದು ಇನ್ನೂ ಸರಿಹೋಗಬೇಕಾದ ವಿಷಯ.

ಗಾಲ್ವೇ ಮಂಜು

ಎಲ್ಲವನ್ನೂ ಓದಿದೆ. ಟ್ಯೂಮ್ ಬಗ್ಗೆ ನನ್ನ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಲೂ ಬಾರದು. ಆದರೆ ಜೆಪ್ಪು ನರ್ಸ್ ಮೇಡಂ, ನಿಮಗೊಂದು ಪ್ರಶ್ನೆ. ದೇವರನ್ನು ನಂಬದವನು ನಾನು. ವಿನ್ಸೆಂಟ್ಸ್ ಜೊತೆ ಮನೆ ಭೇಟಿಗೆ ಹೋಗಬಹುದಾ? ಹೋದ ವರ್ಷ, 2025ರ ಬೇಸಿಗೆಯಲ್ಲಿ, ಡಬ್ಲಿನ್‌ನಲ್ಲಿ ಭಾರತೀಯರ ಮೇಲೆ ಹಲ್ಲೆಗಳಾದಾಗ ನನಗೆ ಬಹಳ ಭಯವಾಗಿತ್ತು. ಮನೆಯಲ್ಲೇ ಕೂತರೆ ಭಯ ಜಾಸ್ತಿ ಆಗುತ್ತದೆ. ಈ ಊರಿನ ಜನರ ಮನೆಯೊಳಗೆ ಹೋಗಿ ಕೂತು ಮಾತಾಡಬೇಕು ಅನ್ನಿಸುತ್ತಿದೆ.

ಜೆಪ್ಪು ನರ್ಸ್ (ಲಿಮೆರಿಕ್)

ಖಂಡಿತ ಬನ್ನಿ. ನಮ್ಮ ಗುಂಪಿನಲ್ಲೇ ಪೂಜೆಗೆ ಹೋಗದವರು ಇದ್ದಾರೆ. ಸಭೆ ಶುರುವಾಗುವಾಗ ಚಿಕ್ಕ ಪ್ರಾರ್ಥನೆ ಇರುತ್ತದೆ, ಆಗ ಸುಮ್ಮನೆ ಕೂತರೆ ಸಾಕು. ಮೊದಲು ಗಾರ್ಡಾ ವೆಟಿಂಗ್ ಆಗಬೇಕು, ಅಂದರೆ ಪೊಲೀಸ್ ಪರಿಶೀಲನೆ. ಅದಕ್ಕೆ ಸ್ವಲ್ಪ ವಾರ ಹಿಡಿಯುತ್ತದೆ. ಆಮೇಲೆ ತರಬೇತಿ, ಆಮೇಲೆ ಹಳಬರೊಬ್ಬರ ಜೊತೆ ಭೇಟಿ. ಅಲ್ಲಿಯವರೆಗೆ ನಿಮ್ಮ ಊರಿನ ವಿನ್ಸೆಂಟ್ಸ್ ಅಂಗಡಿಯಲ್ಲಿ ಬಟ್ಟೆ ವಿಂಗಡಿಸಲು ಕೈಜೋಡಿಸಿ. ಅಲ್ಲಿ ಯಾವಾಗಲೂ ಜನ ಸಾಲದು.

ಹೊಸಬಳು ಅವರೇ, ಮಗಳ ಯೂನಿಫಾರ್ಮು ಕೊಳ್ಳುವ ಮುಂಚೆ ಆ ಅಂಗಡಿಯನ್ನೂ ಒಮ್ಮೆ ನೋಡಿ. ಆಗಸ್ಟ್ ಮೊದಲ ವಾರ ಹೋದರೆ ಒಳ್ಳೆಯದು ಉಳಿದಿರುತ್ತದೆ.